ಇದ್ದದ್ದನ್ನು ಇದ್ದ ಹಾಗೆ ಬರೆಯೋಣ: ನ್ಯಾಕ್ ತಯಾರಿಯ ಬಗ್ಗೆ ರಾಜ್ಯ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ,

ನಮಸ್ಕಾರ. ನಾನು ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಕೆಲಸದಲ್ಲಿದ್ದಾಗ ನ್ಯಾಕ್ ತಯಾರಿಯನ್ನು, ಅಂದರೆ ವಿಶ್ವವಿದ್ಯಾಲಯಗಳಿಗೆ ಗ್ರೇಡು ಕೊಡುವ ಸಂಸ್ಥೆಯ ಪರಿಶೀಲನೆಗೆ ಮಾಡುವ ತಯಾರಿಯನ್ನು, ಒಂದಕ್ಕಿಂತ ಜಾಸ್ತಿ ಸಲ ಒಳಗಿನಿಂದ ನೋಡಿದ್ದೇನೆ. ವಿಭಾಗದ ಫೈಲು ಜೋಡಿಸಿದ್ದೇನೆ. ಐಕ್ಯೂಎಸಿ ಅಂದರೆ ವಿಶ್ವವಿದ್ಯಾಲಯದ ಒಳಗಿನ ಗುಣಮಟ್ಟ ಖಾತ್ರಿ ಘಟಕದ ಸಭೆಗಳಲ್ಲಿ ಕೂತಿದ್ದೇನೆ. ನ್ಯಾಕ್ ಕಳಿಸುವ ಪರಿಶೀಲನಾ ತಂಡ ಅಂದರೆ ಪೀರ್ ಟೀಮ್ ಎದುರು ನಿಂತು ಉತ್ತರ ಕೊಟ್ಟಿದ್ದೇನೆ. ಯಾವ ವಿಶ್ವವಿದ್ಯಾಲಯದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಬೇರೆ ಬೇರೆ ಊರುಗಳ ಸಹೋದ್ಯೋಗಿಗಳ ಜೊತೆ ಮಾತಾಡಿದಾಗ ಎಲ್ಲರೂ ಹೇಳುವುದು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಪತ್ರ ನಿಮ್ಮೆಲ್ಲರಿಗೂ.

ಕೇಳಿಕೊಳ್ಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಸುತ್ತಿನ ಮಾನ್ಯತೆಗೆ ತಯಾರಾಗುವಾಗ ನಿಮ್ಮ ವಿಶ್ವವಿದ್ಯಾಲಯ ಹೇಗಿದೆಯೋ ಹಾಗೇ ಬರೆಯಿರಿ. ಬರೆದದ್ದನ್ನು ಅಪ್‌ಲೋಡ್ ಮಾಡುವ ಮುಂಚೆ ಕ್ಯಾಂಪಸ್ಸಿನಲ್ಲೇ ಇರುವವರಿಗೆ ಓದಲು ಕೊಡಿ. ಅಂದರೆ ವಿದ್ಯಾರ್ಥಿಗಳಿಗೆ, ಅತಿಥಿ ಉಪನ್ಯಾಸಕರಿಗೆ, ಕಚೇರಿ ಸಿಬ್ಬಂದಿಗೆ. ಅವರು "ಹೌದು, ಇದು ನಮ್ಮ ವಿಶ್ವವಿದ್ಯಾಲಯವೇ" ಅಂದ ಮೇಲೆ ಮಾತ್ರ ಕಳಿಸಿ.

ಈ ಪತ್ರವನ್ನು ವಿದ್ಯಾರ್ಥಿಗಳೂ ಅವರ ಮನೆಯವರೂ ಓದಲಿ ಅಂತ ನನ್ನ ಆಸೆ. ಅವರಿಗಾಗಿ ಎರಡು ಮಾತು. ನ್ಯಾಕ್ ಅಂದರೆ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು. 1994ರಲ್ಲಿ ಶುರುವಾಯಿತು. ಯುಜಿಸಿ ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ ಹುಟ್ಟುಹಾಕಿದ ಸ್ವಾಯತ್ತ ಸಂಸ್ಥೆ. ಅದರ ಮುಖ್ಯ ಕಚೇರಿ ಇರುವುದು ದೆಹಲಿಯಲ್ಲಲ್ಲ, ನಮ್ಮ ಬೆಂಗಳೂರಿನ ನಾಗರಭಾವಿಯಲ್ಲಿ. ಮೊದಲು ಹೋಟೆಲುಗಳಿಗೆ ಕೊಡುವ ಹಾಗೆ ಸ್ಟಾರ್ ಕೊಡುತ್ತಿದ್ದರು. 2007ರಿಂದ 4 ಅಂಕದ ಸಿಜಿಪಿಎ, ಅಂದರೆ 4ಕ್ಕೆ ಇಷ್ಟು ಅನ್ನುವ ಸರಾಸರಿ ಅಂಕ ಬಂತು. 3.51 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎ++, 3.26ರಿಂದ 3.50ರವರೆಗೆ ಎ+, 3.01ರಿಂದ 3.25ರವರೆಗೆ ಎ. ಹೀಗೇ ಕೆಳಗಿಳಿದು 1.50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾನ್ಯತೆಯೇ ಇಲ್ಲ. ಗ್ರೇಡು ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ.

ಈ ಗ್ರೇಡು ಬರೀ ಗೇಟಿನ ಮೇಲೆ ಬ್ಯಾನರ್ ಕಟ್ಟಲಿಕ್ಕಲ್ಲ. 2018ರ ಯುಜಿಸಿ ನಿಯಮದ ಪ್ರಕಾರ 3.51 ಬಂದ ವಿಶ್ವವಿದ್ಯಾಲಯ ಮೊದಲನೇ ದರ್ಜೆಗೆ ಸೇರಿ ಹೊಸ ಕೋರ್ಸು, ಹೊಸ ವಿಭಾಗ ತೆರೆಯುವುದಕ್ಕೆ ಜಾಸ್ತಿ ಸ್ವಾತಂತ್ರ್ಯ ಪಡೆಯುತ್ತದೆ. 2020ರ ನಿಯಮದಲ್ಲಿ ದೂರಶಿಕ್ಷಣ ನಡೆಸಲಿಕ್ಕೂ 3.01ರ ಗೆರೆ ಹಾಕಿದ್ದಾರೆ. ಕೇಂದ್ರದ ಅನುದಾನಕ್ಕೂ ಗ್ರೇಡು ನೋಡುತ್ತಾರೆ. ಅಂದ ಮೇಲೆ ನಿಮ್ಮ ಮೇಲೆ ಒತ್ತಡ ಇರುವುದು ನಿಜ. ಅದನ್ನು ನಾನು ಸಣ್ಣದು ಅನ್ನುವುದಿಲ್ಲ. ಸಂಬಳ, ಪಿಂಚಣಿ, ಕರೆಂಟ್ ಬಿಲ್ಲು ಎಲ್ಲದಕ್ಕೂ ತಡಕಾಡುವ ವಿಶ್ವವಿದ್ಯಾಲಯದಲ್ಲಿ ಗ್ರೇಡು ಕಡಿಮೆಯಾದರೆ ಮೊದಲು ಬೈಸಿಕೊಳ್ಳುವವರು ನೀವೇ.

ಆದರೆ ನಾವು ತಯಾರಿ ಮಾಡುವ ರೀತಿ ನೋಡಿ.

ನಾಲ್ಕು ವರ್ಷ ಐಕ್ಯೂಎಸಿ ಒಂದು ಮೂಲೆಯ ಕೋಣೆಯಲ್ಲಿರುತ್ತದೆ. ಒಬ್ಬ ನಿರ್ದೇಶಕರು, ಒಬ್ಬ ಕಂಪ್ಯೂಟರ್ ಆಪರೇಟರ್, ಒಂದು ಅಲ್ಮೆರಾ. ವರ್ಷಕ್ಕೊಮ್ಮೆ ಎಕ್ಯೂಎಆರ್ ಅಂದರೆ ವಾರ್ಷಿಕ ಗುಣಮಟ್ಟ ವರದಿ ಕಳಿಸಬೇಕು. ಗಡುವು ಹತ್ತಿರ ಬಂದಾಗ ವಿಭಾಗಗಳಿಗೆ ಸರ್ಕ್ಯುಲರ್ ಹೋಗುತ್ತದೆ, "ಎರಡು ದಿನದಲ್ಲಿ ಮಾಹಿತಿ ಕೊಡಿ" ಅಂತ. ವಿಭಾಗದವರು ಕೈಗೆ ಸಿಕ್ಕಿದ್ದನ್ನು ತುಂಬಿ ಕಳಿಸುತ್ತಾರೆ. ಐದನೇ ವರ್ಷ ಬಂದ ಕೂಡಲೇ ಎಲ್ಲರಿಗೂ ಎಚ್ಚರವಾಗುತ್ತದೆ. ನ್ಯಾಕ್ ಹೇಳುವ ಏಳು ಕ್ರೈಟೀರಿಯಾಗಳಿಗೆ ಅಂದರೆ ಮಾನದಂಡಗಳಿಗೆ ಏಳು ಸಮಿತಿ, ಪ್ರತಿ ಸಮಿತಿಗೆ ಒಬ್ಬ ಸಂಚಾಲಕರು. ಬೆಳಿಗ್ಗೆ 10ಕ್ಕೆ ಸಭೆ. ಬೆಳಿಗ್ಗೆ 10ಕ್ಕೇ ಎಂಎ ತರಗತಿಯೂ ಇರುತ್ತದೆ. ಯಾವುದು ನಿಲ್ಲುತ್ತದೆ ಅಂತ ನಿಮಗೆ ಗೊತ್ತು.

ನನ್ನ ಮೊದಲ ನೋವು ಇದೇ. ಪಾಠದ ಗುಣಮಟ್ಟ ತೋರಿಸುವುದಕ್ಕಾಗಿ ಪಾಠವನ್ನೇ ನಿಲ್ಲಿಸುತ್ತೇವೆ. ಒಂದು ಇಡೀ ಸೆಮಿಸ್ಟರ್ ಹೀಗೆ ಹೋದದ್ದನ್ನು ಕಂಡಿದ್ದೇನೆ. ಆ ಸೆಮಿಸ್ಟರಿನ ಮಕ್ಕಳು ಹಳ್ಳಿಯಿಂದ ಬಸ್ ಹಿಡಿದು ಬಂದು, ಕಾರಿಡಾರಿನಲ್ಲಿ ಕೂತು, ವಾಪಸ್ ಹೋದರು. ಅವರಿಗೆ ಆ ಸೆಮಿಸ್ಟರ್ ಮತ್ತೆ ಬರುವುದಿಲ್ಲ.

ಅರ್ಜಿ ಹಾಕಿ, ಅದು ಒಪ್ಪಿಗೆಯಾದ ಮೇಲೆ ಎಸ್‌ಎಸ್‌ಆರ್ ಅಂದರೆ ಸ್ವಯಂ ಅಧ್ಯಯನ ವರದಿ ಕೊಡಲು 45 ದಿನ ಇರುತ್ತದೆ. ಅದರೊಳಗೆ ಐದು ವರ್ಷದ ಕಾಗದ ಹುಡುಕಬೇಕು. ವಿಚಾರ ಸಂಕಿರಣದ ಹಾಜರಾತಿ ಪಟ್ಟಿ, ವಿಶೇಷ ಉಪನ್ಯಾಸದ ಫೋಟೋ, ಪಠ್ಯಕ್ರಮ ರೂಪಿಸುವ ಬೋರ್ಡ್ ಆಫ್ ಸ್ಟಡೀಸ್ ನಡಾವಳಿ, ವಿದ್ಯಾರ್ಥಿಗಳ ನೇಮಕಾತಿ ಪತ್ರ, ಗ್ರಂಥಾಲಯದ ದಿನದ ರಿಜಿಸ್ಟರ್. ಫೋಟೋ ಇದ್ದರೆ ಸಾಲದು, ಜಿಯೋಟ್ಯಾಗ್ ಅಂದರೆ ಫೋಟೋ ತೆಗೆದ ಜಾಗದ ಗುರುತು ಬೇಕು. ಸುಳ್ಳು ಹುಟ್ಟುವುದು ಇಲ್ಲಿಂದಲೇ. ಯಾರಿಗೂ ಸುಳ್ಳು ಹೇಳಬೇಕು ಅಂತ ಮನಸ್ಸಿರುವುದಿಲ್ಲ. ಕಾರ್ಯಕ್ರಮ ನಿಜವಾಗಿ ನಡೆದಿರುತ್ತದೆ, ಒಳ್ಳೆಯದಾಗಿಯೇ ನಡೆದಿರುತ್ತದೆ. ಕಾಗದ ಮಾತ್ರ ಇರುವುದಿಲ್ಲ. ಸರಿ, ಹೊಸದಾಗಿ ಒಂದು ಹಾಜರಾತಿ ಪಟ್ಟಿ ಮಾಡೋಣ ಅನ್ನುತ್ತಾರೆ. ಈಗ ಓದುತ್ತಿರುವ ಮಕ್ಕಳನ್ನು ಕರೆದು ಸಹಿ ಹಾಕಿಸುತ್ತಾರೆ. ನಡೆದ ಕಾರ್ಯಕ್ರಮಕ್ಕೆ ಹೀಗೆ ಕಾಗದ ಮಾಡಿದವರಿಗೆ ನಡೆಯದ ಕಾರ್ಯಕ್ರಮಕ್ಕೆ ಕಾಗದ ಮಾಡುವುದು ದೊಡ್ಡ ವಿಷಯ ಅನ್ನಿಸುವುದಿಲ್ಲ. ಮಧ್ಯೆ ಇದ್ದ ಗೆರೆ ಅಳಿಸಿಹೋಗಿರುತ್ತದೆ. ಮತ್ತೆ ಯೋಚನೆ ಮಾಡಿ, ಆ ಸಹಿ ಹಾಕಿದ ಹುಡುಗಿ ಆವತ್ತು ನಮ್ಮಿಂದ ಏನು ಕಲಿತಳು?

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಕಾರ್ಯಕ್ರಮ ಮುಗಿದ ದಿನವೇ ಒಂದು ಪುಟದ ವರದಿ, ಎರಡು ಫೋಟೋ, ಹಾಜರಾತಿ. ವಿಭಾಗದ ಒಂದು ಫೋಲ್ಡರಿಗೆ ಹಾಕಿದರೆ ಮುಗಿಯಿತು. ಕಾಲು ಗಂಟೆಯ ಕೆಲಸ. ಆದರೆ ಅದನ್ನು ಮಾಡುವವರು ಯಾರು ಅಂತ ಆದೇಶದಲ್ಲಿ ಇರಬೇಕು. ಅವರಿಗೆ ಅದಕ್ಕಾಗಿ ವಾರಕ್ಕೆ ಒಂದೆರಡು ಗಂಟೆ ಪಾಠದ ಹೊರೆ ಕಡಿಮೆ ಮಾಡಬೇಕು. ಹಾಗೇ ಎಕ್ಯೂಎಆರ್ ಬರೆದ ಮೇಲೆ ವಿಭಾಗದ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದಿದರೆ ಯಾವ ಸಾಲು ಪೊಳ್ಳು ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು ಸುಣ್ಣ ಬಣ್ಣದ ವಿಷಯ. ಪೀರ್ ಟೀಮ್ ಬರುವ ತಿಂಗಳು ಗೋಡೆಗೆ ಬಣ್ಣ, ಹೂವಿನ ಕುಂಡ, ಹೊಸ ಬೋರ್ಡು. ನೋಡಲು ಚೆನ್ನಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ 2017ರಲ್ಲಿ ಬಂದ ಪದ್ಧತಿಯಲ್ಲಿ ಸುಮಾರು ಶೇ 70ರಷ್ಟು ಅಂಕ ಅಂಕಿಅಂಶಗಳ ಮೇಲೆ ಬರುತ್ತದೆ. ತಂಡ ಕಣ್ಣಾರೆ ನೋಡಿ ಕೊಡುವುದು ಸುಮಾರು ಶೇ 30. ವಿಶ್ವವಿದ್ಯಾಲಯಗಳಿಗೆ ಒಟ್ಟು 1000 ಅಂಕದಲ್ಲಿ ಸಂಶೋಧನೆಗೆ 250, ಬೋಧನೆ ಮತ್ತು ಮೌಲ್ಯಮಾಪನಕ್ಕೆ 200, ಪಠ್ಯಕ್ರಮಕ್ಕೆ 150. ಕಟ್ಟಡ, ಗ್ರಂಥಾಲಯ, ಕಂಪ್ಯೂಟರು ಎಲ್ಲ ಸೇರಿ 100. ಲೆಕ್ಕದಲ್ಲೂ ಬಣ್ಣ ನಮ್ಮನ್ನು ಕಾಪಾಡುವುದಿಲ್ಲ. ಆ ದುಡ್ಡಿನಲ್ಲಿ ಹುಡುಗಿಯರ ಹಾಸ್ಟೆಲಿನ ಶೌಚಾಲಯದ ನಲ್ಲಿ ರಿಪೇರಿ ಮಾಡಿಸಿದರೆ ತಂಡ ಹೋದ ಮೇಲೂ ನೀರು ಬರುತ್ತದೆ. ಗಾಲಿಕುರ್ಚಿಯ ವಿದ್ಯಾರ್ಥಿಗಳಿಗೆ ರ‍್ಯಾಂಪ್ ಕಟ್ಟಿಸುವಾಗಲೂ ಅಷ್ಟೇ. ಮುಖ್ಯ ಬಾಗಿಲಲ್ಲಿ ರ‍್ಯಾಂಪ್ ಇದ್ದು, ತರಗತಿ ಎರಡನೇ ಮಹಡಿಯಲ್ಲಿದ್ದು, ಲಿಫ್ಟ್ ಇಲ್ಲದಿದ್ದರೆ ಆ ಮಗು ಎಲ್ಲಿಗೆ ಹೋಗಬೇಕು?

ಈಗ ಎಲ್ಲಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ. ಅಧ್ಯಾಪಕರು.

ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಖಾಯಂ ಹುದ್ದೆಗಳು ಎಷ್ಟು ಖಾಲಿ ಇವೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿವೃತ್ತರಾದವರ ಜಾಗಕ್ಕೆ ಹೊಸಬರು ಬಂದಿಲ್ಲ. ಎಷ್ಟೋ ವಿಭಾಗಗಳಲ್ಲಿ ಒಬ್ಬರೋ ಇಬ್ಬರೋ ಖಾಯಂ ಅಧ್ಯಾಪಕರು, ಉಳಿದ ಪಾಠವೆಲ್ಲ ಅತಿಥಿ ಉಪನ್ಯಾಸಕರದ್ದು. ನ್ಯಾಕ್ ಕೇಳುವ ಪ್ರಶ್ನೆಗಳಲ್ಲಿ ಒಂದು ನೇರವಾಗಿ ಇದರದ್ದೇ: ಮಂಜೂರಾದ ಹುದ್ದೆಗಳಿಗೆ ಎದುರಾಗಿ ಪೂರ್ಣಾವಧಿ ಅಧ್ಯಾಪಕರು ಎಷ್ಟು? ಪೂರ್ಣಾವಧಿ ಅಂದರೆ ಇಡೀ ಶೈಕ್ಷಣಿಕ ವರ್ಷ, ಕೆಲಸದ ಅವಧಿಯ ಕನಿಷ್ಠ ಶೇ 90ರಷ್ಟು ಹೊತ್ತು ಕೆಲಸ ಮಾಡುವವರು ಅಂತ ಅವರ ವಿವರಣೆ. ವರ್ಷ ವರ್ಷ ಹೊಸ ಆದೇಶ ಪಡೆದು, ರಜೆಯಲ್ಲಿ ಸಂಬಳವಿಲ್ಲದೆ ಕೂರುವ ನಮ್ಮ ಅತಿಥಿ ಉಪನ್ಯಾಸಕರು ಈ ಲೆಕ್ಕಕ್ಕೆ ಬರುವುದು ಕಷ್ಟ.

ಆಗ ಶುರುವಾಗುತ್ತದೆ ಲೆಕ್ಕ ಹೊಂದಿಸುವ ಕೆಲಸ. ವಿದ್ಯಾರ್ಥಿ ಮತ್ತು ಅಧ್ಯಾಪಕರ ಅನುಪಾತ ಕೆಟ್ಟದಾಗಿ ಕಾಣಬಾರದು. ಅದಕ್ಕೆ ಯಾರನ್ನು ಸೇರಿಸೋಣ, ಯಾರನ್ನು ಬಿಡೋಣ? ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಅಂತ ಕೇಳಿದಾಗ ಇಬ್ಬರೇ ಖಾಯಂ ಇರುವ ವಿಭಾಗ ಏನು ಬರೆಯಬೇಕು? ಅಲ್ಲಿ ಅತಿಥಿ ಉಪನ್ಯಾಸಕರು ಬೇಕಾಗುತ್ತಾರೆ. ಮೆಂಟರ್ ಪಟ್ಟಿಯಲ್ಲಿ ಅವರ ಹೆಸರಿರುತ್ತದೆ, ಸಂಬಳದ ಪಟ್ಟಿಗೆ ಬಂದಾಗ ಅವರು ಹೊರಗಿನವರು. ಇದು ತಪ್ಪು, ಅಲ್ವಾ?

ನ್ಯಾಕ್ ಕೆಲಸವನ್ನು ನಿಜವಾಗಿ ಮಾಡುವವರೂ ಬಹುಪಾಲು ಅವರೇ. ಎಕ್ಸೆಲ್ ಶೀಟ್ ತುಂಬುವುದು, ಪಿಡಿಎಫ್ ಮಾಡುವುದು, ಲಿಂಕ್ ಹಾಕುವುದು, ಮಾಹಿತಿ ಪರಿಶೀಲನೆ ಮಾಡುವ ಡಿವಿವಿ ತಂಡ ಪ್ರಶ್ನೆ ಕಳಿಸಿದರೆ ರಾತ್ರಿ ಕೂತು ಉತ್ತರ ಹೊಂದಿಸುವುದು. ವಯಸ್ಸು ಚಿಕ್ಕದು, ಕಂಪ್ಯೂಟರ್ ಚೆನ್ನಾಗಿ ಬರುತ್ತದೆ, ಮುಂದಿನ ವರ್ಷವೂ ಆದೇಶ ಬೇಕು. ಹಾಗಾಗಿ ಇಲ್ಲ ಅನ್ನುವ ಹಾಗಿಲ್ಲ. ಸಂಶೋಧನಾ ವಿದ್ಯಾರ್ಥಿಗಳ ಪಾಡೂ ಇದೇ. ಶಿಷ್ಯವೇತನ ತಿಂಗಳುಗಟ್ಟಲೆ ತಡವಾದರೂ ಗೈಡ್ ಕರೆದಾಗ ಬರಲೇಬೇಕು. ಗ್ರೇಡು ಬಂದ ದಿನ ವೇದಿಕೆಯ ಮೇಲೆ ಇವರು ಯಾರೂ ಇರುವುದಿಲ್ಲ. 2023ರ ಕೊನೆಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಖಾಯಮಾತಿ ಕೇಳಿ ವಾರಗಟ್ಟಲೆ ಮುಷ್ಕರ ಮಾಡಿದಾಗ ಎಷ್ಟು ತರಗತಿಗಳು ಖಾಲಿ ಉಳಿದವು ಅಂತ ಇಡೀ ರಾಜ್ಯ ನೋಡಿತು. ನಮ್ಮ ಉನ್ನತ ಶಿಕ್ಷಣ ಯಾರ ಭುಜದ ಮೇಲೆ ನಿಂತಿದೆ ಅನ್ನುವುದಕ್ಕೆ ಬೇರೆ ವರದಿ ಬೇಕಾಗಿಲ್ಲ.

ಆದ್ದರಿಂದ ನನ್ನ ಕೋರಿಕೆ. ಎಸ್‌ಎಸ್‌ಆರ್‌ನಲ್ಲಿ ಬಲ ಯಾವುದು, ಕೊರತೆ ಯಾವುದು, ಅವಕಾಶ ಯಾವುದು, ಸವಾಲು ಯಾವುದು ಅಂತ ಬರೆಯುವ ಭಾಗ ಇದೆ. ಕೊರತೆಯ ಕಡೆ ನಾವು ಏನು ಬರೆಯುತ್ತೇವೆ? "ಕೈಗಾರಿಕೆಗಳ ಜೊತೆ ಸಂಪರ್ಕ ಇನ್ನಷ್ಟು ಹೆಚ್ಚಬೇಕು" ಅಂತ. ಅದರ ಬದಲು ವಿಭಾಗವಾರು ಬರೆಯಿರಿ. ಮಂಜೂರಾದದ್ದು ಇಷ್ಟು, ತುಂಬಿದ್ದು ಇಷ್ಟು, ಇಂಥ ವರ್ಷದಿಂದ ಖಾಲಿ. ಆ ಪುಟವನ್ನೇ ಉನ್ನತ ಶಿಕ್ಷಣ ಇಲಾಖೆಗೂ, ಕುಲಾಧಿಪತಿಗಳಾದ ರಾಜ್ಯಪಾಲರಿಗೂ, ನಿಮ್ಮ ಜಿಲ್ಲೆಯ ಶಾಸಕರಿಗೂ ಕಳಿಸಿ. ಹುದ್ದೆ ತುಂಬಲು ಅನುಮತಿ ಕೊಡದೆ ಇರುವುದು ಸರ್ಕಾರ. ಅಂಕ ಕಳೆದುಕೊಳ್ಳುವುದು ವಿಶ್ವವಿದ್ಯಾಲಯ. ಲೆಕ್ಕ ಹೊಂದಿಸಿ ನಾವು ಅಂಕ ಉಳಿಸಿಕೊಂಡ ಪ್ರತಿ ಸಲ ಸರ್ಕಾರಕ್ಕೆ ಸಿಗುವ ಉತ್ತರ ಏನು? "ಖಾಯಂ ಅಧ್ಯಾಪಕರಿಲ್ಲದೆಯೂ ಇವರಿಗೆ ಒಳ್ಳೆ ಗ್ರೇಡೇ ಬರುತ್ತದಲ್ಲ" ಅಂತ. ನಮ್ಮ ಕೈಯಿಂದಲೇ ನಮ್ಮ ಬೇಡಿಕೆಯ ಬಲ ಕಡಿಮೆ ಮಾಡಿಕೊಳ್ಳುತ್ತಿದ್ದೇವೆ. ಇದನ್ನು ನೀವೊಬ್ಬರೇ ಮಾಡಿದರೆ ಗ್ರೇಡು ಬೀಳುವ ಭಯ ಇರುತ್ತದೆ, ಒಪ್ಪುತ್ತೇನೆ. ಅದಕ್ಕೇ ಪತ್ರ ಒಬ್ಬರಿಗಲ್ಲ, ಎಲ್ಲರಿಗೂ ಬರೆದಿದ್ದೇನೆ. ಕುಲಪತಿಗಳು ಒಟ್ಟಿಗೆ ಕೂತು ಒಂದೇ ನಮೂನೆಯಲ್ಲಿ ಖಾಲಿ ಹುದ್ದೆಗಳ ಪಟ್ಟಿ ಪ್ರಕಟಿಸಿದರೆ ಯಾರಿಗೂ ಒಂಟಿಯಾಗಿ ಪೆಟ್ಟು ಬೀಳುವುದಿಲ್ಲ.

ಪಠ್ಯಕ್ರಮದ ವಿಷಯದಲ್ಲಿ ನಮ್ಮ ರಾಜ್ಯದ ಪರಿಸ್ಥಿತಿಯೇ ಬೇರೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಪದವಿ ಪಠ್ಯ ಎಲ್ಲ ಬದಲಾಯಿತು. ಆಮೇಲೆ ಸರ್ಕಾರ ಬದಲಾಯಿತು, ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು, 2024–25ರಿಂದ ಪದವಿ ಮತ್ತೆ 3 ವರ್ಷಕ್ಕೆ ಮರಳಿತು. ಪಠ್ಯ ಮತ್ತೆ ಬದಲಾಯಿತು. ನ್ಯಾಕ್ ಕೇಳುವುದು ಕಳೆದ 5 ವರ್ಷದಲ್ಲಿ ಎಷ್ಟು ಕೋರ್ಸುಗಳ ಪಠ್ಯ ಪರಿಷ್ಕರಣೆ ಆಗಿದೆ ಅಂತ. ಈ ಲೆಕ್ಕದಲ್ಲಿ ಎಲ್ಲರೂ ಚೆನ್ನಾಗಿ ಕಾಣುತ್ತಾರೆ. ಆದರೆ ನಿಜ ಏನು? ಬೋರ್ಡ್ ಆಫ್ ಸ್ಟಡೀಸ್ ಸದಸ್ಯರು ಆತುರದಲ್ಲಿ ಕೂತು ಬರೆದರು. ಪುಸ್ತಕ ಅಚ್ಚಾಗುವ ಮುಂಚೆ ತರಗತಿ ಶುರುವಾಯಿತು. ಒಂದೇ ಕಾಲೇಜಿನಲ್ಲಿ ಸೀನಿಯರ್‌ಗಳಿಗೆ ಒಂದು ಪದ್ಧತಿ, ಜೂನಿಯರ್‌ಗಳಿಗೆ ಇನ್ನೊಂದು. ಇದರ ಜೊತೆಗೆ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ಗೆ ಹೋಯಿತು. ಅಂಕಪಟ್ಟಿಗಾಗಿ ಮಕ್ಕಳು ಅಲೆದರು. ಇಷ್ಟೆಲ್ಲ ಅನುಭವಿಸಿದ ಮೇಲೆ "ಶೇಕಡಾ ನೂರು ಪರಿಷ್ಕರಣೆ" ಅಂತ ಒಂದು ಸಾಲು ಬರೆದು ಮುಂದೆ ಹೋಗುವುದು ನ್ಯಾಯ ಅಲ್ಲ. ಪಠ್ಯ ಯಾಕೆ ಬದಲಾಯಿತು, ಯಾವುದು ಮಕ್ಕಳಿಗೆ ಉಪಯೋಗವಾಯಿತು, ಯಾವುದು ಆಗಲಿಲ್ಲ ಅಂತ ನಾಲ್ಕು ಪುಟ ಬರೆಯಿರಿ. ಈ ಅನುಭವವನ್ನು ಬರೆದಿಡುವವರು ನಮ್ಮನ್ನು ಬಿಟ್ಟರೆ ಬೇರೆ ಯಾರು?

ಸಂಶೋಧನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಬಂಧಗಳ ಸಂಖ್ಯೆಗೆ ಅಂಕ ಅಂದ ಮೇಲೆ ಸಂಖ್ಯೆ ಬೆಳೆಯಿತು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳೂ ಬೆಳೆದವು. ಕಳಪೆ ಪತ್ರಿಕೆಗಳನ್ನು ತಡೆಯಲು ಯುಜಿಸಿ ತಂದ ಕೇರ್ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ಕೈಬಿಟ್ಟಿತು. ಈಗ ಒಳ್ಳೆಯದು ಯಾವುದು ಅಂತ ನೋಡುವ ಹೊಣೆ ವಿಶ್ವವಿದ್ಯಾಲಯಗಳ ಮೇಲೇ ಬಂದಿದೆ. ನ್ಯಾಕ್ ವರ್ಷದಲ್ಲಿ ಪ್ರತಿ ಅಧ್ಯಾಪಕರೂ ಇಷ್ಟು ಪ್ರಬಂಧ ಕೊಡಲೇಬೇಕು ಅನ್ನುವ ಸರ್ಕ್ಯುಲರ್ ದಯವಿಟ್ಟು ಹೊರಡಿಸಬೇಡಿ. ಪ್ರಯೋಗಾಲಯಕ್ಕೆ ರಾಸಾಯನಿಕ ಕೊಡಿಸಿ, ಗ್ರಂಥಾಲಯದ ಜರ್ನಲ್ ಚಂದಾ ಕಟ್ಟಿ, ಪಿಎಚ್‌ಡಿ ಮೌಖಿಕ ಪರೀಕ್ಷೆ ಸಮಯಕ್ಕೆ ಮಾಡಿಸಿ. ಒಳ್ಳೆಯ ಪ್ರಬಂಧಗಳು ಬರುತ್ತವೆ.

ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ಸಮೀಕ್ಷೆಯ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ವಿದ್ಯಾರ್ಥಿಗಳ ಇಮೇಲ್ ಪಟ್ಟಿ ಕೊಡುತ್ತೇವೆ, ನ್ಯಾಕ್ ನೇರವಾಗಿ ಅವರಿಗೆ ಪ್ರಶ್ನೆ ಕಳಿಸುತ್ತದೆ. ಮೊದಲ ಪ್ರಶ್ನೆಯೇ ತರಗತಿಯಲ್ಲಿ ಎಷ್ಟು ಭಾಗ ಪಠ್ಯ ಮುಗಿಸಿದ್ದಾರೆ ಅಂತ. ಅಧ್ಯಾಪಕರು ತಯಾರಾಗಿ ಬರುತ್ತಾರಾ ಅಂತ ಇನ್ನೊಂದು. ಉತ್ತರ 4ರಿಂದ 0. ಇಷ್ಟು ಸರಳವಾದ, ಇಷ್ಟು ಬೆಲೆಬಾಳುವ ಪ್ರಶ್ನೆಗಳನ್ನು ನಾವಾಗಿಯೇ ಪ್ರತಿ ಸೆಮಿಸ್ಟರ್ ಕೇಳಬೇಕಿತ್ತು. ಆದರೆ ಆಗುವುದೇನು? ತರಗತಿಗೆ ಹೋಗಿ "ಮೇಲ್ ಬರುತ್ತದೆ, ಎಲ್ಲದಕ್ಕೂ 4 ಒತ್ತಿ, ನಿಮ್ಮ ಡಿಗ್ರಿಗೇ ಬೆಲೆ ಬರುವುದು" ಅನ್ನುತ್ತಾರೆ. ಕೆಲವು ಕಡೆ ಲ್ಯಾಬಿನಲ್ಲಿ ಕೂರಿಸಿ ಒತ್ತಿಸುತ್ತಾರೆ. ಮಕ್ಕಳು ಒತ್ತುತ್ತಾರೆ. ತಮ್ಮ ವಿಶ್ವವಿದ್ಯಾಲಯದ ಮೇಲೆ ಪ್ರೀತಿ ಇರುತ್ತದೆ, ಇಂಟರ್ನಲ್ ಅಂಕದ ಭಯವೂ ಇರುತ್ತದೆ. ಹಾಗೆ ಒತ್ತಿದ 4ರಿಂದ ನಮಗೆ ಏನೂ ತಿಳಿಯುವುದಿಲ್ಲ. ಸಂಖ್ಯಾಶಾಸ್ತ್ರ ಪಾಠ ಮಾಡುವವರು ಎರಡು ವರ್ಷದಿಂದ ಅರ್ಧ ಪಠ್ಯವೂ ಮುಗಿಸಿಲ್ಲ ಅನ್ನುವ ವಿಷಯ ವಿಭಾಗದ ಮುಖ್ಯಸ್ಥರಿಗೆ ಕೊನೆಗೂ ಗೊತ್ತಾಗುವುದು ಫಲಿತಾಂಶ ಬಂದಾಗ.

ದಯವಿಟ್ಟು ಒಂದು ಆದೇಶ ಹೊರಡಿಸಿ: ಸಮೀಕ್ಷೆಗೆ ಹೇಗೆ ಉತ್ತರಿಸಬೇಕು ಅಂತ ಯಾರೂ ವಿದ್ಯಾರ್ಥಿಗಳಿಗೆ ಹೇಳಿಕೊಡಬಾರದು. ಅದರ ಕೆಳಗೆ ನಿಮ್ಮ ಸಹಿ ಇರಲಿ, ಪ್ರತಿ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಅಂಟಿಸಿರಲಿ. ಜೊತೆಗೆ ಅದೇ ಪ್ರಶ್ನೆಗಳನ್ನು ಕನ್ನಡದಲ್ಲಿ, ಹೆಸರು ಬರೆಯದೆ ಉತ್ತರಿಸುವ ಹಾಗೆ, ವರ್ಷಕ್ಕೆರಡು ಸಲ ನೀವೇ ಕೇಳಿ.

ಕನ್ನಡದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಪೀರ್ ಟೀಮಿನವರು ಬೇರೆ ರಾಜ್ಯದಿಂದ ಬರುತ್ತಾರೆ. ಪ್ರಾದೇಶಿಕ ಭಾಷೆಯ ದಾಖಲೆಗಳನ್ನು ಇಂಗ್ಲಿಷಿಗೆ ಮಾಡಿಸಿ ಕೊಡಬೇಕು. ಅದು ಅವರ ಅನುಕೂಲಕ್ಕೆ, ಸರಿ. ಆದರೆ ವಿದ್ಯಾರ್ಥಿಗಳ ಜೊತೆ ಸಂವಾದ ಅಂದಾಗ ನಾವು ಇಂಗ್ಲಿಷ್ ಚೆನ್ನಾಗಿ ಬರುವ ಮಕ್ಕಳನ್ನೇ ಆರಿಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಹಿಂದಿನ ಸಾಲಿನಲ್ಲಿ ಕೂತವರು ರಾಯಚೂರಿನ ಹಳ್ಳಿಯಿಂದ, ಚಾಮರಾಜನಗರದ ಕಾಡಂಚಿನಿಂದ, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದಲು ಬಂದವರು. ರಾಜ್ಯ ವಿಶ್ವವಿದ್ಯಾಲಯ ಇರುವುದೇ ಅವರಿಗಾಗಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದ ಮೇಲೆ ಧಾರವಾಡ, ಬೆಂಗಳೂರು, ಮಂಗಳೂರು, ಕಲಬುರಗಿ, ಶಿವಮೊಗ್ಗ ಅಂತ ಒಂದೊಂದೇ ಕಡೆ ವಿಶ್ವವಿದ್ಯಾಲಯ ತೆರೆದದ್ದು ಇಂಥ ಮಕ್ಕಳಿಗೆ ಹತ್ತಿರವಾಗಲಿ ಅಂತಲೇ. ಅವರೂ ಮಾತಾಡಲಿ. ಕನ್ನಡದಲ್ಲಿ ಮಾತಾಡಲಿ, ಒಬ್ಬ ಅಧ್ಯಾಪಕರು ತಂಡಕ್ಕೆ ಇಂಗ್ಲಿಷಿನಲ್ಲಿ ಹೇಳಲಿ. ಅವರು ದೂರು ಹೇಳಿದರೂ ಪರವಾಗಿಲ್ಲ. ನಾನು ಕಂಡ ಹಾಗೆ, ಅನುಭವ ಇರುವ ತಂಡ ಬಾಯಿಪಾಠ ಮಾಡಿದ ಉತ್ತರವನ್ನು ಬೇಗ ಗುರುತಿಸುತ್ತದೆ. ಒಬ್ಬ ಹುಡುಗ ಎದ್ದು ನಿಂತು "ಸರ್, ಲೈಬ್ರರಿ ರಾತ್ರಿ 8ಕ್ಕೆ ಮುಚ್ಚುತ್ತದೆ, ನಮಗೆ ಹಾಸ್ಟೆಲಿನಲ್ಲಿ ಓದಲು ಜಾಗವಿಲ್ಲ" ಅಂದರೆ ಅದು ನಿಮಗೆ ಅವಮಾನ ಅಲ್ಲ. ಅವನಿಗೆ ಓದುವ ಆಸೆ ಇದೆ ಅಂತ ಅರ್ಥ.

ನ್ಯಾಕ್ ಬಗ್ಗೆಯೇ ಈಗ ಜನರಿಗೆ ಅನುಮಾನ ಇದೆ. ಅದನ್ನು ಮುಚ್ಚಿಟ್ಟು ಈ ಪತ್ರ ಬರೆದರೆ ಸರಿಯಾಗುವುದಿಲ್ಲ. 2023ರಲ್ಲಿ ಅದರ ಕಾರ್ಯಕಾರಿ ಸಮಿತಿಯ ಅಧ್ಯಕ್ಷರಾಗಿದ್ದ ಭೂಷಣ್ ಪಟವರ್ಧನ್ ಅವ್ಯವಹಾರಗಳ ಅನುಮಾನ ಎತ್ತಿ ಹುದ್ದೆ ಬಿಟ್ಟರು. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ಖಾಸಗಿ ಸಂಸ್ಥೆಗೆ ಒಳ್ಳೆ ಗ್ರೇಡು ಕೊಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಿಬಿಐ ಬಂಧಿಸಿತು. "ಎಲ್ಲ ದುಡ್ಡಿನ ಆಟ, ನಾವ್ಯಾಕೆ ಸುಮ್ನೆ ಪ್ರಾಮಾಣಿಕವಾಗಿ ಬರೆಯಬೇಕು" ಅಂತ ಎಷ್ಟೋ ಸಹೋದ್ಯೋಗಿಗಳು ನನ್ನನ್ನು ಕೇಳಿದ್ದಾರೆ. ನನ್ನ ಉತ್ತರ ಇದು: ಗ್ರೇಡು ಕೊಡುವವರು ಸರಿಯಿಲ್ಲ ಅಂದರೂ ವರದಿ ನಮ್ಮದೇ. ಐದು ವರ್ಷದಲ್ಲಿ ಏನು ಮಾಡಿದೆವು, ಏನು ಆಗಲಿಲ್ಲ ಅಂತ ಒಂದೇ ಕಡೆ ಸಿಗುವ ಇನ್ನೊಂದು ದಾಖಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಲ್ಲ. ಅದನ್ನು ಸುಳ್ಳು ಮಾಡಿದರೆ ಮುಂದೆ ಬರುವ ಕುಲಪತಿಗಳಿಗೆ ಹಿಡಿದುಕೊಳ್ಳಲು ಒಂದು ಎಳೆಯೂ ಸಿಗುವುದಿಲ್ಲ. ನೀವು ಇರುವುದು 4 ವರ್ಷ. ದಾಖಲೆ ಆಮೇಲೂ ಇರುತ್ತದೆ.

ಪದ್ಧತಿಯೂ ಬದಲಾಗುತ್ತಿದೆ. ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ಕೊಟ್ಟ ವರದಿಯ ಮೇಲೆ, ಅಕ್ಷರದ ಗ್ರೇಡು ಬಿಟ್ಟು "ಮಾನ್ಯತೆ ಇದೆ ಅಥವಾ ಇಲ್ಲ" ಅನ್ನುವ ಎರಡೇ ತೀರ್ಮಾನಕ್ಕೆ ಹೋಗುವುದಾಗಿ 2024ರ ಜನವರಿಯಲ್ಲಿ ನ್ಯಾಕ್ ಹೇಳಿತು. ಅದರ ಮೇಲೆ ಒಂದರಿಂದ ಐದು ಹಂತ. ಮಾಹಿತಿಯನ್ನು ಒಂದೇ ಪೋರ್ಟಲಿಗೆ ಕೊಡುವುದು, ಸಂಬಂಧಪಟ್ಟವರನ್ನೇ ಕೇಳಿ ತಾಳೆ ನೋಡುವುದು ಇದರ ಆಲೋಚನೆ. ಅಂದರೆ ಮುಂದೆ ನಾವು ಬರೆದ ಪ್ರತಿ ಸಾಲನ್ನೂ ನಮ್ಮ ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳು "ಹೌದಾ?" ಅಂತ ನೋಡುವ ದಿನ ಬರಬಹುದು. ಆ ದಿನಕ್ಕೆ ತಯಾರಿ ಅಂದರೆ ಈಗಿನಿಂದಲೇ ಅವರಿಗೆ ತೋರಿಸಿ ಬರೆಯುವುದು.

ಕೊನೆಯದಾಗಿ ಒಂದು ಕಾಗದದ ಬಗ್ಗೆ. ತಂಡ ಹೋಗುವ ದಿನ ಎಕ್ಸಿಟ್ ಮೀಟಿಂಗಿನಲ್ಲಿ ವರದಿ ಕೊಡುತ್ತದೆ. ಅದರ ಕೊನೆಯಲ್ಲಿ ಶಿಫಾರಸುಗಳಿರುತ್ತವೆ. ಖಾಲಿ ಹುದ್ದೆ ತುಂಬಿ, ಪ್ರಯೋಗಾಲಯ ಸುಧಾರಿಸಿ, ಹಳೆ ವಿದ್ಯಾರ್ಥಿ ಸಂಘ ಬಲಪಡಿಸಿ ಅಂತ. ಗ್ರೇಡಿನ ಸುದ್ದಿ ಬಂದ ಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಮುಂದಿನ ಸುತ್ತು ಬಂದಾಗ "ಹಿಂದಿನ ಶಿಫಾರಸಿಗೆ ಏನು ಮಾಡಿದಿರಿ" ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ಮತ್ತೆ ತಡಕಾಡುತ್ತೇವೆ. ಈ ವಾರ ಐಕ್ಯೂಎಸಿ ಕೋಣೆಯಿಂದ ಆ ವರದಿಯನ್ನು ತರಿಸಿಕೊಳ್ಳಿ. ಶಿಫಾರಸುಗಳನ್ನು ಕನ್ನಡದಲ್ಲಿ ಬರೆಸಿ. ಪ್ರತಿಯೊಂದರ ಎದುರು ಆಗಿದೆ, ಆಗಿಲ್ಲ, ಯಾಕೆ ಆಗಿಲ್ಲ ಅಂತ ಬರೆಸಿ. ವಿಶ್ವವಿದ್ಯಾಲಯದ ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಕಿ, ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯ ಮೊದಲ ವಿಷಯವಾಗಿ ಇಡಿ. ಮುಂದಿನ ಐಕ್ಯೂಎಸಿ ಸಭೆಗೆ ಇಬ್ಬರು ಅತಿಥಿ ಉಪನ್ಯಾಸಕರನ್ನು, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳನ್ನು, ಹಾಸ್ಟೆಲಿನಿಂದ ಇಬ್ಬರು ವಿದ್ಯಾರ್ಥಿಗಳನ್ನು, ಪರೀಕ್ಷಾ ವಿಭಾಗದ ಒಬ್ಬ ಗುಮಾಸ್ತರನ್ನು ಕರೆಸಿ. ಸಭೆ ಸಂಜೆ 4ರ ಮೇಲೆ ಇಡಿ, ತರಗತಿ ನಿಲ್ಲದ ಹಾಗೆ. ಅವರ ಮುಂದೆ ಆ ಪಟ್ಟಿ ಇಟ್ಟು ಕೇಳಿ. ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ಈ ಕೆಲಸಕ್ಕೆ ನನ್ನಂಥ ನಿವೃತ್ತರ ಸಹಾಯ ಬೇಕಿದ್ದರೆ ಕರೆಯಿರಿ. ಬರುತ್ತೇವೆ. ಸಂಭಾವನೆ ಬೇಡ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಪ್ರಾಧ್ಯಾಪಕಿ